ಖಾಜನ್ ಗದ್ದೆ: ಈ ಮಣ್ಣು ಯಾವ ತಿಂಗಳದ್ದು?

ಗೋವಾದ ಮಾಂಡೋವಿ, ಜುವಾರಿ ದಂಡೆಯಲ್ಲಿ ಗದ್ದೆ ಮಾಡುವ ನಮ್ಮ ಕಡೆಯವರು ಮಣ್ಣು ಪರೀಕ್ಷೆ ಚೀಟಿ ತಂದರೆ ನಾನು ಮೊದಲು ನೋಡುವುದು ಸಾರಜನಕ ಅಲ್ಲ, ತಾರೀಕು. ಹಾವೇರಿ ಕಡೆಯ ರೈತರೊಬ್ಬರಿಗೆ ಇದು ತಮಾಷೆ ಅನ್ನಿಸಿತು. "ತಾರೀಕ್ ಇರ್ಲಿ ಬಿಡ್ರಿ ಸರ್, ಯೂರಿಯಾ ಎಷ್ಟ್ ಹಾಕ್ಲಿ ಹೇಳ್ರಿ" ಅಂದರು. ಚೀಟಿ ಮೇ ತಿಂಗಳದ್ದು. ಅವರು ಬಿತ್ತುವುದು ಮಳೆ ಹಿಡಿದ ಮೇಲೆ. ಅಷ್ಟರಲ್ಲಿ ಆ ಮಣ್ಣೇ ಬೇರೆ ಆಗಿರುತ್ತದೆ.

ಖಾಜನ್ ಅಂದರೆ ಅಳಿವೆಯ ಉಪ್ಪುನೀರಿಗೆ ಒಡ್ಡು ಕಟ್ಟಿ ಉಳಿಸಿಕೊಂಡ ತಗ್ಗು ಗದ್ದೆ. ಬೇಸಿಗೆಯಲ್ಲಿ ಕೆಳಗಿನ ನೀರು ಮೇಲೇರಿ ಆವಿಯಾಗುತ್ತದೆ, ಉಪ್ಪು ಮೇಲೆ ಬಿಳಿ ಪದರ ಕಟ್ಟುತ್ತದೆ. ಮಳೆಗಾಲದಲ್ಲಿ ಅದು ಕರಗಿ, ಇಳಿತದ ಹೊತ್ತಿಗೆ 'ಮಾನಸ್' ಅನ್ನುವ ತೂಬಿನಿಂದ ಹೊರಗೆ ಹರಿಯುತ್ತದೆ. ಭರತ ಬಂದಾಗ ನೀರಿನ ಒತ್ತಡಕ್ಕೇ ಮಾನಸಿನ ಮರದ ಬಾಗಿಲು ಮುಚ್ಚಿಕೊಳ್ಳುತ್ತದೆ. ಎಷ್ಟು ಚಂದದ ಏರ್ಪಾಟು ಅಲ್ವಾ?

ಹಾಗಾಗಿ ಇಲ್ಲಿ ಫಲವತ್ತತೆಯ ಮುನ್ಸೂಚನೆ ಅಂದರೆ ಮುಖ್ಯವಾಗಿ ಉಪ್ಪಿನ ಲೆಕ್ಕ. ಬೇಸಿಗೆ ಕೊನೆಗೆ ಎಷ್ಟು ಉಪ್ಪಿತ್ತು, ಮಳೆ ಎಷ್ಟು ತೊಳೆಯಿತು, ತೂಬು ಎಷ್ಟು ಸೋರುತ್ತಿದೆ. ಮೊದಲನೆಯದನ್ನು ಅಳೆಯಬಹುದು. ಮಳೆಗೆ ಹವಾಮಾನ ಇಲಾಖೆಯ ಅಂದಾಜಿದೆ. ಅಮಾವಾಸ್ಯೆ, ಹುಣ್ಣಿಮೆಯ ದೊಡ್ಡ ಭರತದ ಪಟ್ಟಿ ವರ್ಷ ಮೊದಲೇ ಸಿಗುತ್ತದೆ. ತೂಬಿನ ಸ್ಥಿತಿ ಮಾತ್ರ ಯಾವ ಕಂಪ್ಯೂಟರಿಗೂ ಗೊತ್ತಿಲ್ಲ. ಉಪಗ್ರಹ ಇದೆಯಲ್ಲ ಅನ್ನುತ್ತಾರೆ. ಸೆಂಟಿನೆಲ್-2 ಐದು ದಿನಕ್ಕೊಮ್ಮೆ ಚಿತ್ರ ತೆಗೆಯುತ್ತದೆ, ನಿಜ. ಆದರೆ ನಮಗೆ ಬೇಕಾದ ಜುಲೈನಲ್ಲಿ ಅದಕ್ಕೆ ಕಾಣುವುದು ಬರೀ ಮೋಡ.

ಚೀಟಿಯ ಇಸಿ ಸಂಖ್ಯೆಯಲ್ಲೂ ಒಂದು ಗೊಂದಲವಿದೆ. ಇಸಿ ಅಂದರೆ ಮಣ್ಣಿನ ನೀರಿನಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಅನ್ನುವ ಅಳತೆ, ಉಪ್ಪು ಹೆಚ್ಚಿದ್ದಷ್ಟೂ ಅದೂ ಹೆಚ್ಚು. ಇಸಿ ಮೀಟರಿಗೆ 3 ಡೆಸಿಸೀಮೆನ್ಸ್ ದಾಟಿದರೆ ಭತ್ತದ ಇಳುವರಿ ಕುಸಿಯತೊಡಗುತ್ತದೆ ಅನ್ನುವ ಮಿತಿ, ಮಣ್ಣನ್ನು ನೀರಲ್ಲಿ ಕಲಸಿ ಮುದ್ದೆ ಮಾಡಿ ಅದರಿಂದ ತೆಗೆದ ನೀರಿನದು. ಎಷ್ಟೋ ಲ್ಯಾಬ್‌ಗಳು ಒಂದು ಪಾಲು ಮಣ್ಣಿಗೆ ಎರಡು ಪಾಲು ನೀರು ಹಾಕಿ ಅಳೆಯುತ್ತವೆ. ಉಪ್ಪು ತೆಳುವಾಗಿ ಸಂಖ್ಯೆ ಕಡಿಮೆ ಬರುತ್ತದೆ. ಚೀಟಿಯಲ್ಲಿ 2 ಇದೆ ಅಂತ ನೆಮ್ಮದಿಯಾಗಿರಬೇಡಿ, ಹೇಗೆ ಅಳೆದರು ಕೇಳಿ. ಕೊರ್ಗುಟ್‌ನಂಥ ನಾಟಿ ತಳಿ ಇನ್ನೂ ಜಾಸ್ತಿ ಉಪ್ಪು ತಡೆಯುತ್ತದೆ, ಅದು ಬೇರೆ ಮಾತು.

2015ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಸಾಯಿಲ್ ಹೆಲ್ತ್ ಕಾರ್ಡ್ ಮಣ್ಣಿನ 12 ಅಂಶ ಹೇಳುತ್ತದೆ, ಒಳ್ಳೆಯದೇ. ಆದರೆ ಮಳೆ ಆಶ್ರಿತ ಜಮೀನಿನಲ್ಲಿ 10 ಹೆಕ್ಟೇರಿಗೆ ಒಂದು ಮಾದರಿ. ಖಾಜನ್‌ನಲ್ಲಿ ತೂಬಿನ ಪಕ್ಕದ ಮಣ್ಣು ಒಂದು, ನಡುಗದ್ದೆಯದು ಇನ್ನೊಂದು. ಎರಡೂ ಕಡೆ ಬೇರೆ ಬೇರೆ ತೆಗೆಯಿರಿ. ಗುದ್ದಲಿಯಿಂದ 15 ಸೆಂ.ಮೀ. ಆಳದವರೆಗೆ ಕತ್ತರಿಸಿ. ಮೇಲಿನ ಬಿಳಿ ಪದರವನ್ನಷ್ಟೇ ಕೆರೆದು ತರಬೇಡಿ. ಚೀಲದ ಮೇಲೆ ತಾರೀಕು, ಜಾಗ ಬರೆಯಿರಿ. ಮೇನಲ್ಲಿ ಒಮ್ಮೆ, ಬಿತ್ತುವ ಮುಂಚೆ ಇನ್ನೊಮ್ಮೆ. ಉಪ್ಪು ಇಳಿಯದೆ ಯೂರಿಯಾ ಸುರಿದರೆ ದುಡ್ಡು ದಂಡ, ಬೇರಿಗೆ ಅದನ್ನು ಎಳೆದುಕೊಳ್ಳುವ ಶಕ್ತಿಯೇ ಇರುವುದಿಲ್ಲ.

ತೂಬಿನ ಹಲಗೆ ಕೊಳೆತಿದೆಯಾ ಅಂತ ಏಪ್ರಿಲ್‌ನಲ್ಲೇ ನೋಡಿ, ಒಡ್ಡು-ತೂಬು ನೋಡಿಕೊಳ್ಳುವ ಗೇಣಿದಾರರ ಸಂಘವಾದ ಟೆನೆಂಟ್ಸ್ ಅಸೋಸಿಯೇಷನ್‌ಗೆ ಅರ್ಜಿ ಕೊಡಿ. ಮಳೆ ಶುರುವಾದ ಮೇಲೆ ಆ ಕೆಸರಿಗೆ ಯಾರೂ ಇಳಿಯುವುದಿಲ್ಲ.