ಆಯಿಲ್ ಸೋರುವ ಕಾರಿನ ಮೇಲೆ ಅಷ್ಟೊಂದು ಪ್ರೀತಿ ಯಾಕೆ?

ಪ್ರಶ್ನೆ: ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರುಗಳು ನಿಂತಲ್ಲೆಲ್ಲ ಆಯಿಲ್ ಸೋರುತ್ತವೆ ಅಂತಾರೆ. ನಿಜವೇ? ಹಾಗಿದ್ದರೆ ಜನ ಇನ್ನೂ ಯಾಕೆ ಅವುಗಳಿಗೆ ದುಡ್ಡು ಸುರಿಯುತ್ತಾರೆ?

ಉತ್ತರ: ನಿಜ, ಎಷ್ಟೋ ಕಾರುಗಳು ಸೋರುತ್ತವೆ. ಆದರೆ ಸುಮ್ನೆ ಸೋರುವುದಿಲ್ಲ, ಅದಕ್ಕೊಂದು ಕಾರಣ ಇದೆ.

ಎಂಜಿ ಕಂಪನಿಯ ಎಂಜಿಬಿ ಅನ್ನುವ ಸ್ಪೋರ್ಟ್ಸ್ ಕಾರನ್ನೇ ತೆಗೆದುಕೊಳ್ಳೋಣ. 1962ರಿಂದ 1980ರವರೆಗೆ ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ ತಯಾರಾದ ಕಾರು ಇದು. ಗಟ್ಟಿ ಛಾವಣಿಯ ಜಿಟಿ ಮಾಡೆಲ್ಲೂ ಸೇರಿದರೆ 5 ಲಕ್ಷಕ್ಕೂ ಜಾಸ್ತಿ ಹೊರಬಂದವು. ಅದರ 1798 ಸಿಸಿ ಇಂಜಿನ್ ರೇಸಿಗೆಂದು ಹುಟ್ಟಿದ್ದಲ್ಲ. ಎಂಜಿಯ ಒಡೆತನ ಹೊಂದಿದ್ದ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಕಂಪನಿ ಮನೆಮಂದಿಯ ಕಾರುಗಳಿಗೆ ಹಾಕುತ್ತಿದ್ದ ಬಿ-ಸೀರೀಸ್ ಇಂಜಿನ್ ಅದು. ಅದೇ ವಂಶದ 1489 ಸಿಸಿ ಇಂಜಿನ್ ನಮ್ಮ ಅಂಬಾಸಿಡರ್‌ನಲ್ಲಿ ದಶಕಗಟ್ಟಲೆ ಓಡಿದೆ. ಅಂಬಾಸಿಡರ್ ಬಿಚ್ಚಿ ಜೋಡಿಸಿದ ಮೆಕ್ಯಾನಿಕ್‌ಗೆ ಎಂಜಿಬಿ ನೆಂಟರ ಮನೆ ಇದ್ದ ಹಾಗೆ.

ಈಗ ಸೋರುವ ವಿಷಯ. ಇಂಜಿನ್ನಿನೊಳಗೆ ತಿರುಗುತ್ತಾ ಶಕ್ತಿಯನ್ನು ಹೊರಗೆ ಕೊಡುವ ದಪ್ಪ ಕಬ್ಬಿಣದ ದಂಡವೇ ಕ್ರ್ಯಾಂಕ್‌ಶಾಫ್ಟ್. ಕ್ರ್ಯಾಂಕ್‌ಶಾಫ್ಟ್ ಇಂಜಿನ್ನಿನ ಹಿಂಬದಿಯಿಂದ ಹೊರಬರುವ ಕಡೆ ಈಗಿನ ಕಾರುಗಳಲ್ಲಿ ಆಯಿಲ್ ಹೊರಬಾರದಂತೆ ತಡೆಯುವ ಒಂದು ಸೀಲ್ ಇರುತ್ತದೆ. ಮೊದಲ ಎಂಜಿಬಿಗಳಲ್ಲಿ ಅದು ಇರಲಿಲ್ಲ. ಬದಲಿಗೆ ಸ್ಕ್ರೂ ಮೇಲಿನ ಥ್ರೆಡ್‌ನಂತೆ ಸುರುಳಿ ಗೆರೆ ಕೊರೆದಿದ್ದರು. ಶಾಫ್ಟ್ ತಿರುಗುವಾಗ ಆ ಗೆರೆ ಆಯಿಲನ್ನು ವಾಪಸ್ ಒಳಕ್ಕೆ ತಳ್ಳುತ್ತದೆ. ಇಂಜಿನ್ ನಿಲ್ಲಿಸಿದ ಮೇಲೆ ತಳ್ಳುವವರು ಯಾರು? ಅಲ್ಲಿ ಉಳಿದದ್ದು ಒಂದೊಂದೇ ಹನಿಯಾಗಿ ನೆಲಕ್ಕೆ ಇಳಿಯುತ್ತದೆ. 1964ರ ಕೊನೆಗೆ ಬಂದ 5 ಬೇರಿಂಗ್ (ಶಾಫ್ಟನ್ನು ಐದು ಕಡೆ ಹಿಡಿದಿಡುವ) ಇಂಜಿನ್‌ಗೆ ಸೀಲ್ ಬಂತು. ಸೋರುವ ಇನ್ನೊಂದು ಜಾಗ ರಾಕರ್ ಕವರ್, ಅಂದರೆ ಇಂಜಿನ್ನಿನ ನೆತ್ತಿಯ ಮುಚ್ಚಳ. ಅದರ ಅಡಿಯ ಕಾರ್ಕ್ ಪಟ್ಟಿ (ಗ್ಯಾಸ್ಕೆಟ್) ಸೋರುತ್ತಿದೆ ಅಂತ ನಟ್ಟನ್ನು ಜೋರಾಗಿ ಬಿಗಿದರೆ ಗ್ಯಾಸ್ಕೆಟ್ ಅಪ್ಪಚ್ಚಿಯಾಗಿ ಇನ್ನೂ ಜಾಸ್ತಿ ಸೋರುತ್ತದೆ. ರಾತ್ರಿಗೆ ನಾಲ್ಕು ಹನಿ ಬಿದ್ದರೆ ಗಾಬರಿ ಬೇಡ. ಡಿಪ್‌ಸ್ಟಿಕ್ ಎಳೆದು ಆಯಿಲ್ ಎಷ್ಟಿದೆ ಅಂತ ನೋಡುವ ಅಭ್ಯಾಸ ಮಾತ್ರ ಬಿಡಬೇಡಿ.

ಇನ್ನು ಪ್ರೀತಿಯ ಮಾತು. ಕೀ ತಿರುಗಿಸಿದ ಕೂಡಲೇ ಹಿಂದಿನಿಂದ ಟಿಕ್ ಟಿಕ್ ಟಿಕ್ ಅಂತ ಸದ್ದು ಬರುತ್ತದೆ. ಅದು ಎಸ್‌ಯು ಪೆಟ್ರೋಲ್ ಪಂಪ್. ಕಾರ್ಬ್ಯುರೇಟರ್‌ಗಳು (ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸುವ ಭಾಗಗಳು) ತುಂಬುತ್ತಿದ್ದಂತೆ ಸದ್ದು ನಿಧಾನವಾಗಿ, ಆಮೇಲೆ ನಿಲ್ಲುತ್ತದೆ. ನಿಲ್ಲದೆ ಒಂದೇ ಸಮನೆ ಬಡಿದುಕೊಂಡರೆ ಟ್ಯಾಂಕ್ ಖಾಲಿ, ಇಲ್ಲವೇ ಎಲ್ಲೋ ಪೆಟ್ರೋಲ್ ಸೋರುತ್ತಿದೆ. ಸದ್ದೇ ಇಲ್ಲದಿದ್ದರೆ ಪಂಪಿನೊಳಗೆ ಕರೆಂಟ್ ಹರಿಸಿ ಕಡಿಯುವ ಪಾಯಿಂಟ್ ಕೈಕೊಟ್ಟಿರಬಹುದು. ಮೆಲ್ಲಗೆ ಒಂದು ತಟ್ಟು ತಟ್ಟಿದರೆ ಎಷ್ಟೋ ಸಲ ಮತ್ತೆ ಶುರುವಾಗುತ್ತದೆ. ಕಾರ್ಬ್ಯುರೇಟರ್‌ನ ನೆತ್ತಿಯ ಮೇಲೊಂದು ಪುಟ್ಟ ಮುಚ್ಚಳ ಇದೆ. ಅದನ್ನು ಬೆರಳಲ್ಲೇ ತಿರುಗಿಸಿ ತೆಗೆದು ಆಗಾಗ ಸ್ವಲ್ಪ ಆಯಿಲ್ ಹಾಕಬೇಕು. ಅದು ಒಣಗಿದರೆ ಆಕ್ಸಿಲರೇಟರ್ ಒತ್ತಿದಾಗ ಇಂಜಿನ್ ತೊದಲುತ್ತದೆ.

ನನಗೆ ಈ ಕಾರುಗಳಲ್ಲಿ ಹಿಡಿಸುವುದು ಇದೇ. ತನಗೇನಾಗಿದೆ ಅಂತ ಕಾರೇ ಹೇಳುತ್ತದೆ. ಕಿವಿಗೆ ಕೇಳುತ್ತದೆ, ಕೈಗೆ ಸಿಗುತ್ತದೆ. ಲ್ಯಾಪ್‌ಟಾಪ್ ಚುಚ್ಚಿ ನೋಡಬೇಕಾಗಿಲ್ಲ. ಶಕ್ತಿ ಸುಮಾರು 95 ಅಶ್ವಶಕ್ತಿ ಅಷ್ಟೇ. ಆದರೆ ನೆಲಕ್ಕೆ ಅಂಟಿದಂತೆ ಕೂತು, ಟಾಪ್ ತೆಗೆದು, ಪವರ್ ಸ್ಟೀರಿಂಗ್ ಇಲ್ಲದ ಸ್ಟೀರಿಂಗ್ ಹಿಡಿದರೆ ರಸ್ತೆಯ ಪ್ರತಿ ಉಬ್ಬುತಗ್ಗೂ ಅಂಗೈಗೆ ತಿಳಿಯುತ್ತದೆ. 60ರ ವೇಗದಲ್ಲೇ ಮನಸ್ಸು ತುಂಬುತ್ತದೆ. ಬಿಡಿಭಾಗಗಳ ಚಿಂತೆಯೂ ಕಡಿಮೆ. 1988ರಿಂದ ಎಂಜಿಬಿಗೆ ಇಡೀ ಹೊಸ ಬಾಡಿಯನ್ನೇ ಮಾಡಿ ಮಾರುತ್ತಿದ್ದಾರೆ ಅಂದರೆ ನೋಡಿ!

ಕೊಳ್ಳುವ ಮನಸ್ಸಿದ್ದರೆ ಆಯಿಲ್ ಹನಿಗಿಂತ ತುಕ್ಕಿಗೆ ಹೆದರಿ. ಎಂಜಿಬಿಗೆ ಬೇರೆ ಚಾಸಿ (ಅಡಿಯ ಚೌಕಟ್ಟು) ಇಲ್ಲ, ಬಾಡಿಯೇ ಬೆನ್ನೆಲುಬು. ಟಾಪ್ ಮಡಚುವ ಕಾರಿನಲ್ಲಿ ಬಾಗಿಲ ಕೆಳಗಿನ ಪಟ್ಟಿಯೇ ಹೆಚ್ಚಿನ ಭಾರ ಹೊರುತ್ತದೆ. ಅದಕ್ಕೆ ಕಾರನ್ನು ಜಾಕ್ ಮೇಲೆ ಎತ್ತಿಸಿ, ಬಾಗಿಲನ್ನು ತೆರೆದು ಮುಚ್ಚಿ ನೋಡಿ. ನೆಲದ ಮೇಲಿದ್ದಾಗ ಸಲೀಸಾಗಿ ಮುಚ್ಚುತ್ತಿದ್ದ ಬಾಗಿಲು ಈಗ ಸಿಕ್ಕಿಹಾಕಿಕೊಂಡರೆ, ಬಣ್ಣ ಎಷ್ಟೇ ಹೊಳೆಯುತ್ತಿರಲಿ, ಅಡ್ವಾನ್ಸ್ ಕೊಡಬೇಡಿ.