ಬಾಡಿಗೆಯೋ, ಪರ್ಸೆಂಟೇಜೋ?

ಹೋದ ವಾರ ಹಾವೇರಿ ಕಡೆಯ ಹುಡುಗನೊಬ್ಬ ಫೋನ್ ಮಾಡಿದ್ದ. ಸಿನಿಮಾ ಮುಗಿದಿದೆ, ಸೆನ್ಸಾರ್ ಸರ್ಟಿಫಿಕೇಟೂ ಬಂದಿದೆ, ಆದರೆ ಹಂಚಿಕೆದಾರರು ಯಾರೂ ಎತ್ತಿಕೊಳ್ಳುತ್ತಿಲ್ಲ. ‘ನಾವ ಬಿಡುಗಡೆ ಮಾಡ್ತೇವ್ರಿ ಸರ್. ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ, ರಾಣೇಬೆನ್ನೂರು, ಎಲ್ಲಾ ಕಡೆ ನಾಲ್ಕೂ ಶೋ ಹಾಕಸ್ಬೇಕ್ರಿ’ ಅಂದ. ‘ಬಾಡಿಗಿ ಕೊಡ್ತೀಯೋ, ಪರ್ಸೆಂಟೇಜ್ ಮಾತಾಡ್ತೀಯೋ ತಮ್ಮಾ?’ ಅಂತ ಕೇಳಿದೆ. ಆ ಕಡೆ ಸದ್ದೇ ಇಲ್ಲ.

ಸಿಂಗಲ್ ಸ್ಕ್ರೀನ್‌ಗಳಲ್ಲಿ ಹಿಂದಿನಿಂದ ನಡೆದು ಬಂದದ್ದು ವಾರದ ಬಾಡಿಗೆ. ಜನ ಬರಲಿ ಬಿಡಲಿ, ಅದು ನಿಮ್ಮ ತಲೆ ಮೇಲೆ. ಮಲ್ಟಿಪ್ಲೆಕ್ಸಲ್ಲಿ ಪಾಲು. ತೆರಿಗೆ ಕಳೆದು ಉಳಿದದ್ದರಲ್ಲಿ ಮೊದಲ ವಾರ ಸಾಮಾನ್ಯವಾಗಿ ಅರ್ಧ ನಿಮಗೆ, ಆಮೇಲೆ ನಿಮ್ಮ ಪಾಲು ವಾರ ವಾರ ಇಳಿಯುತ್ತದೆ.

ಸುಮ್ನೆ ಒಂದು ಲೆಕ್ಕ ಹಾಕೋಣ. ಬಾಡಿಗೆ ವಾರಕ್ಕೆ 70,000 ಅಂದುಕೊಳ್ಳಿ. 28 ಶೋ, ಪ್ರತಿ ಶೋಗೆ 15 ಜನ, ತೆರಿಗೆ ಹೋಗಿ ತಲೆಗೆ 80 ರೂಪಾಯಿ. ಬಂದದ್ದು 33,600. ಕೈಯಿಂದ 36,400 ಹೋಯಿತು. ಅದೇ ಥಿಯೇಟರಲ್ಲಿ ಅರ್ಧ ಪಾಲಿಗೆ ದಿನಕ್ಕೆ ಒಂದೇ ಶೋ ಹಿಡಿದು, 40 ಜನರನ್ನು ಕೂರಿಸಿ. 11,200 ನಿಮ್ಮ ಪಾಲಿಗೆ ಉಳಿಯುತ್ತದೆ. ಪೋಸ್ಟರ್ ಖರ್ಚೂ ಹುಟ್ಟಲಿಕ್ಕಿಲ್ಲ, ಆದರೆ ಸಾಲವಂತೂ ಆಗಲಿಲ್ಲ ಅಲ್ವಾ?

ಒಂದು ಶೋಗೆ ಪಾಲು ಕೊಡಿ ಅಂದರೆ ಕೆಲವು ಮಾಲೀಕರು ಮುಖ ತಿರುಗಿಸುತ್ತಾರೆ. ಕೇಳಲು ನಾಚಿಕೆ ಬೇಡ. ದೊಡ್ಡ ಸಿನಿಮಾ ಇಲ್ಲದ ವಾರ ಅವರಿಗೂ ಖಾಲಿ ಪರದೆಯೇ.

ಟಿಕೆಟ್ ದರ 100 ದಾಟಿಸಬೇಡಿ. 2025ರ ಸೆಪ್ಟೆಂಬರ್ 22ರಿಂದ 100ರೊಳಗಿನ ಟಿಕೆಟ್‌ಗೆ ಜಿಎಸ್‌ಟಿ 5 ಪರ್ಸೆಂಟ್, ಅದನ್ನು ದಾಟಿದರೆ 18.

ಇನ್ನು ಕೆಡಿಎಂ. ಸಿನಿಮಾ ಡಿಜಿಟಲ್ ರೂಪದಲ್ಲಿ ಬೀಗ ಹಾಕಿಕೊಂಡು ಬರುತ್ತದೆ, ಕೆಡಿಎಂ ಅದರ ಕೀಲಿ. ಈ ಕೀಲಿ ಒಂದೇ ಸರ್ವರ್‌ಗೆ, ಗೊತ್ತುಮಾಡಿದ ದಿನ-ಗಂಟೆಗೆ ಮಾತ್ರ ತೆರೆಯುತ್ತದೆ. ಗದಗಿನಲ್ಲಿ ನಮ್ಮದೇ ಒಂದು ಸಿನಿಮಾದ ಮೊದಲ ಶೋ. ಒಳಗೆ ಮೂವತ್ತು ಜನ. ಆಪರೇಟರ್ ಹೊರಗೆ ಬಂದು, ‘ಕೀ ತಗೋವಲ್ದ್ರಿ’ ಅಂದ. ಥಿಯೇಟರಿನವರು ಸರ್ವರ್ ಬದಲಿಸಿದ್ದರು, ನಾನು ಹಳೆಯ ನಂಬರೇ ಕೊಟ್ಟಿದ್ದೆ. ಹೊಸ ಕೀಲಿ ಬರಲು ಐವತ್ತು ನಿಮಿಷ. ಎದುರಿನ ಅಂಗಡಿಯಿಂದ ಗಿರಮಿಟ್ಟು, ಚಹಾ ತರಿಸಿ ಎಲ್ಲರಿಗೂ ಹಂಚಿದೆ. ನಾಲ್ಕು ಜನ ಗಿರಮಿಟ್ಟು ತಿಂದು ಮನೆಗೆ ಹೋದರು! ಆಮೇಲಿಂದ ಹಿಂದಿನ ದಿನವೇ ಹೋಗಿ, ಐದು ನಿಮಿಷ ಓಡಿಸಿ ನೋಡದೆ ನಾನು ಮಲಗುವುದಿಲ್ಲ. ಡಿಜಿಟಲ್ ಕಂಪನಿ ಪ್ರತಿ ಪರದೆಗೆ ತೆಗೆದುಕೊಳ್ಳುವ ಶುಲ್ಕ, ಅಂದರೆ ವಿಪಿಎಫ್, ಎಷ್ಟು, ಯಾರು ಕಟ್ಟಬೇಕು ಅನ್ನುವುದನ್ನೂ ಮೊದಲೇ ಬರೆಸಿಕೊಳ್ಳಿ. ಟ್ರೈಲರ್ ಪರದೆ ಮೇಲೆ ಹಾಕಿಸುವುದಿದ್ದರೆ ಅದಕ್ಕೆ ಬೇರೆಯೇ ಸೆನ್ಸಾರ್ ಬೇಕು.

ಶೋ ಯಾವುದು ಹಿಡಿಯಬೇಕು ಅನ್ನುವುದು ಊರಿನ ಮೇಲೆ. ಧಾರವಾಡದಲ್ಲಿ ವಾರದ ನಡುವೆ ಕಾಲೇಜು ಹುಡುಗರ ಮ್ಯಾಟಿನಿ. ಹುಬ್ಬಳ್ಳಿಯಲ್ಲಿ ಶನಿವಾರ, ಭಾನುವಾರ ಫಸ್ಟ್ ಶೋ, ಮನೆಮಂದಿ ಬರುತ್ತಾರೆ. ಹಾವೇರಿ, ರಾಣೇಬೆನ್ನೂರಲ್ಲಿ ಸೆಕೆಂಡ್ ಶೋ ಬೇಡವೇ ಬೇಡ. ಸುತ್ತಲಿನ ಹಳ್ಳಿಯವರಿಗೆ ಸಿನಿಮಾಕ್ಕಿಂತ ಕೊನೆಯ ಬಸ್ ಮುಖ್ಯ. ಮೊದಲ ಮಳೆ ಬಿದ್ದು ಬಿತ್ತನೆ ಶುರುವಾದ ವಾರ ಬಿಡುಗಡೆ ಇಟ್ಟುಕೊಂಡವರನ್ನೂ ನೋಡಿದ್ದೇನೆ. ಏನು ಹೇಳಲಿ.

ಪ್ರತಿ ಥಿಯೇಟರಿಗೆ ನಿಮ್ಮ ಕಡೆಯ ಒಬ್ಬ ರೆಪ್ ಇರಲೇಬೇಕು. ಶೋ ಶುರುವಾಗುವ ಮುಂಚೆ ಟಿಕೆಟ್ ಪುಸ್ತಕದ ಮೊದಲ ನಂಬರ್, ಮುಗಿದ ಮೇಲೆ ಕೊನೆಯ ನಂಬರ್ ಬರೆದುಕೊಳ್ಳಲಿ. ಆನ್‌ಲೈನ್ ಬುಕಿಂಗ್ ಬೇರೆ ಕೂಡಿಸಲಿ. ಒಳಗೆ ತಲೆ ಎಣಿಸಲಿ. ಮೂರೂ ತಾಳೆಯಾದ ಮೇಲೇ ಡಿಸಿಆರ್‌ಗೆ, ಅಂದರೆ ಆ ದಿನದ ಕಲೆಕ್ಷನ್ ವರದಿಗೆ, ಸಹಿ. ನಾಳೆ ಮಾಡ್ತೀನಿ ಅಂತ ಬಿಟ್ಟರೆ ಆ ದಿನದ ಲೆಕ್ಕ ಹೋದಂತೆ. ಮುಂದಿನ ವಾರ ಸಿನಿಮಾ ಇರಬೇಕೋ ಬೇಡವೋ ಅಂತ ಮಾಲೀಕರು ತೂಗುವುದು ಸೋಮವಾರದ ಡಿಸಿಆರ್ ಮೇಲೆ, ಭಾನುವಾರದ್ದರ ಮೇಲೆ ಅಲ್ಲ. ಹಾಗಾಗಿ ಗೆಳೆಯರು, ಬೀಗರು ಎಲ್ಲರೂ ಶುಕ್ರವಾರವೇ ನುಗ್ಗಬೇಡಿ. ಅರ್ಧ ಜನರನ್ನು ಸೋಮವಾರಕ್ಕೆ ಕರೆಯಿರಿ, ಟಿಕೆಟ್ ತಗೊಂಡೇ ಬರಲಿ.