ಹಳೆ ತಾಮ್ರದ ತಂತಿಯಿಂದ ಒಡವೆ: ಕಾಯಿಸುವುದು ಯಾಕೆ, ಯಾವಾಗ

ನಮ್ಮ ಕೊಡಗಿನ ತೋಟದ ಮನೆಗಳಲ್ಲಿ ಒಡವೆಗೆ ಬೇಕಾದ ಸಾಮಾನು ಸುಮ್ನೆ ಬಿದ್ದಿರುತ್ತದೆ. ಸುಟ್ಟುಹೋದ ಪಂಪ್‌ಸೆಟ್ ಮೋಟಾರಿನ ತಂತಿ, ಹಳೆ ವೈರಿಂಗ್, ಒಡೆದ ಗಾಜಿನ ಬಳೆ, ಹಿತ್ತಾಳೆ ವಾಷರ್, ಕಾಫಿ ಬೀಜ. ಬಳೆಚೂರಿನ ಅಂಚನ್ನು ನೀರು ಹಾಕಿ ಉಜ್ಜುಕಾಗದದಲ್ಲಿ ತಿಕ್ಕುವುದು, ಹುರಿಯದ ಕಾಫಿ ಬೀಜಕ್ಕೆ ಸಣ್ಣ ಡ್ರಿಲ್‌ನಲ್ಲಿ ತೂತು ಹಾಕುವುದು ಬೇಗ ಕೈಗೆ ಬರುತ್ತದೆ. ಕಷ್ಟ ಇರುವುದು ತಂತಿಯಲ್ಲಿ.

ತಂತಿ ಆರಿಸುವಾಗ

ಬ್ಲೇಡಿನಿಂದ ಕೆರೆದು ನೋಡಿ. ಒಳಗೂ ಬೆಳ್ಳಗಿದ್ದರೆ ಅಲ್ಯೂಮಿನಿಯಂ. ಅದು 660 ಡಿಗ್ರಿಗೇ, ಕೆಂಪಾಗಿ ಕಾಣುವ ಮೊದಲೇ ಕರಗಿಬಿಡುತ್ತದೆ. ತಾಮ್ರ ಕರಗಲು 1085 ಡಿಗ್ರಿ ಬೇಕು. ಮೇಲಿನ ಪ್ಲಾಸ್ಟಿಕ್ ಸುಲಿಯಿರಿ, ವಾರ್ನಿಷ್ ಇದ್ದರೆ ಪೂರ್ತಿ ಉಜ್ಜಿ ತೆಗೆಯಿರಿ. ಸುಡಬೇಡಿ, ಪಿವಿಸಿ ಎಂಬ ಆ ಪ್ಲಾಸ್ಟಿಕ್ಕಿನ ಹೊಗೆ ವಿಷ.

ಕಾಯಿಸಿದರೆ ಮೆತ್ತಗಾಗುವುದು ಹೇಗೆ?

ತಾಮ್ರವನ್ನು ಬಗ್ಗಿಸಿದಷ್ಟೂ ಅದು ಗಟ್ಟಿಯಾಗುತ್ತದೆ. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬಗ್ಗಿಸಿದರೆ ಪಟಕ್ಕನೆ ತುಂಡಾಗುತ್ತದೆ. ಮೆತ್ತಗೆ ಮಾಡಲು ಮಂದ ಕೆಂಪಾಗುವವರೆಗೆ ಕಾಯಿಸಿ ನೀರಿಗೆ ಹಾಕಬೇಕಂತೆ. ನನಗೆ ಗೊಂದಲವಾದದ್ದು ಇಲ್ಲೇ. ಕುಲುಮೆಯಲ್ಲಿ ಕತ್ತಿಯನ್ನು ಕಾಯಿಸಿ ನೀರಿಗೆ ಅದ್ದುವುದು ಗಟ್ಟಿ ಮಾಡಲು ಅಲ್ವಾ? ಪೀಚೆಕತ್ತಿಗೆ (ಕೊಡವರು ಸೊಂಟಕ್ಕೆ ಸಿಕ್ಕಿಸುವ ಕಿರುಗತ್ತಿ) ಒಂದು ನ್ಯಾಯ, ತಂತಿಗೆ ಇನ್ನೊಂದು ನ್ಯಾಯವೇ?

ಹೌದು, ಎರಡೂ ಬೇರೆಯೇ. ಉಕ್ಕಿನಲ್ಲಿ ಇಂಗಾಲ ಇದೆ. ಚೆನ್ನಾಗಿ ಕಾದಾಗ ಕಬ್ಬಿಣದ ಪರಮಾಣುಗಳ ಜೋಡಣೆ ಬದಲಾಗಿ ಇಂಗಾಲ ಅದರೊಳಗೆ ಕರಗುತ್ತದೆ. ತಟ್ಟನೆ ತಣ್ಣಗಾದರೆ ಹೊರಬರಲು ಸಮಯ ಸಿಗದೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಕತ್ತಿಯ ಗಟ್ಟಿತನ ಅಲ್ಲಿಂದ ಬರುತ್ತದೆ. ತಾಮ್ರದಲ್ಲಿ ಆ ಇಂಗಾಲವೂ ಇಲ್ಲ, ಕರಗುವವರೆಗೂ ಜೋಡಣೆ ಬದಲಾಗುವುದೂ ಇಲ್ಲ. ಅಲ್ಲಿ ಕೆಲಸ ಮಾಡುವುದು ಶಾಖ ಮಾತ್ರ. ತಾಮ್ರದೊಳಗೆ ಪರಮಾಣುಗಳು ಸಾಲಾಗಿ ಜೋಡಣೆಯಾದ ಸಣ್ಣ ಸಣ್ಣ ಹರಳುಗಳಿರುತ್ತವೆ. ಬಗ್ಗಿಸಿ ಬಗ್ಗಿಸಿ ಕೆಟ್ಟುಹೋದ ಹರಳುಗಳ ಜಾಗದಲ್ಲಿ ಹೊಸ ಹರಳುಗಳು ಬೆಳೆಯುತ್ತವೆ, ತಂತಿ ಮೆತ್ತಗಾಗುತ್ತದೆ. ನೀರಿಗೆ ಹಾಕುವುದು ಬೇಗ ತಣ್ಣಗಾಗಲಿ, ಮೇಲಿನ ಕಪ್ಪು ಪದರ ಸ್ವಲ್ಪ ಉದುರಲಿ ಅಂತ ಅಷ್ಟೇ. ತಾನಾಗಿ ಆರಲು ಬಿಟ್ಟರೂ ಮೆತ್ತಗೇ ಇರುತ್ತದೆ.

ಇಷ್ಟು ತಲೆಗೆ ಹೋದರೆ ಕ್ರಮ ಬಾಯಿಪಾಠ ಮಾಡಬೇಕಿಲ್ಲ. ತಂತಿ ಬೆರಳಿಗೆ ಬಗ್ಗದಾದಾಗ ಮತ್ತೆ ಕಾಯಿಸಿ, ಎಷ್ಟು ಸಲವಾದರೂ ಸರಿ. ಸಣ್ಣ ಸುರುಳಿ ಮಾಡಿ, ಇಕ್ಕಳದಲ್ಲಿ ಹಿಡಿದು ಗ್ಯಾಸ್ ಒಲೆಯ ಉರಿಗೆ ತೋರಿಸಿದರೆ ಸಾಕು. ಕೋಣೆಯಲ್ಲಿ ಬೆಳಕು ಕಡಿಮೆ ಇರಲಿ. ಬಿಸಿಲಿನಲ್ಲಿ ಮಂದ ಕೆಂಪು ಕಾಣುವುದೇ ಇಲ್ಲ, ಕಾಯಿಸಿದ್ದು ಜಾಸ್ತಿಯಾಗುತ್ತದೆ. ಕಪ್ಪಾದದ್ದನ್ನು ಹುಣಸೆಹುಳಿಯಲ್ಲಿ ನೆನೆಸಿ ಉಜ್ಜಿ.

ಆಕಾರ ಬಂದ ಮೇಲೆ ಮಾತ್ರ ಕಾಯಿಸಬಾರದು. ಕಬ್ಬಿಣದ ಹಲಗೆಯ ಮೇಲಿಟ್ಟು ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಆಗ ತಂತಿ ಗಟ್ಟಿಯಾಗಿ ಆಕಾರ ಹಿಡಿದು ನಿಲ್ಲುತ್ತದೆ. ಕೊಕ್ಕೆತಾತಿ ಎಂಬ ಕೊಡವರ ಕತ್ತಿನ ಸರದ ಅರ್ಧಚಂದ್ರ ಪದಕವನ್ನು ತಂತಿಯಲ್ಲಿ ತರಲು ನಾನು ಈ ದಾರಿಯನ್ನೇ ಹಿಡಿದಿದ್ದೇನೆ. ಮೆತ್ತಗಿರುವಾಗ ಬಾಗಿಸುವುದು, ಕೊನೆಗೆ ತಟ್ಟುವುದು.

ಕೊಂಡಿಯ ಉಂಗುರ ತೆರೆಯುವಾಗ ಬಾಯಿ ಅಗಲಿಸಬೇಡಿ. ಒಂದು ತುದಿಯನ್ನು ಮುಂದಕ್ಕೆ, ಇನ್ನೊಂದನ್ನು ಹಿಂದಕ್ಕೆ ಸರಿಸಿ. ದುಂಡಗಿನ ಆಕಾರ ಉಳಿಯುತ್ತದೆ.

ಮುಟ್ಟಬಾರದ ಎರಡು

ಗುಲಗಂಜಿ ನೋಡಲು ಬಹಳ ಚೆಂದ. ಆದರೆ ತೂತು ಹಾಕಿದರೆ ಸಿಪ್ಪೆ ಒಡೆದು ಒಳಗಿನ ಅಬ್ರಿನ್ ಎಂಬ ಕಡುವಿಷಕ್ಕೆ ದಾರಿಯಾಗುತ್ತದೆ. ಕಪ್ಪು ಚುಕ್ಕೆ ಇಲ್ಲದ, ಪೂರ್ತಿ ಕೆಂಪಗಿರುವ ಮಂಜಾಡಿ ಬೀಜ ಬಳಸಿ.

ಪತ್ತಾಕ್‌ನ (ಇದೂ ಕೊಡವರ ಕತ್ತಿನ ಸರವೇ) ಚಿನ್ನದ ನಾಣ್ಯ ನೋಡಿದವರಿಗೆ ಒಂದು ರೂಪಾಯಿಯನ್ನೇ ಪದಕ ಮಾಡುವ ಆಸೆ ಬರುತ್ತದೆ. ಚಲಾವಣೆಯ ನಾಣ್ಯವನ್ನು ಕರಗಿಸುವುದು, ಹಾಳುಮಾಡುವುದು 2011ರ ನಾಣ್ಯ ಕಾಯ್ದೆಯಲ್ಲಿ ಅಪರಾಧ. ಹಿತ್ತಾಳೆ ವಾಷರ್ ತೊಳೆದು ಹಾಕಿ, ಅದಕ್ಕೆ ತೂತು ಮೊದಲೇ ಇರುತ್ತದೆ.